ದಿನ ಎಣಿಸಿ ಹೇಳಿ: ಓವರ್‌ಸ್ಟೇ ಆದ ಮೇಲೆ ಸ್ಪೌಸ್ ವೀಸಾ

ಗಂಡ ಅಥವಾ ಹೆಂಡತಿಯ ಹತ್ತಿರ ಅಮೆರಿಕಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕುವಾಗ ಡಿಎಸ್-260 ಅನ್ನೋ ಫಾರ್ಮ್ ತುಂಬಬೇಕು. ಅದರಲ್ಲಿ ಕೊನೆಯ ಕಡೆಗೆ ಒಂದು ಪ್ರಶ್ನೆ ಬರುತ್ತದೆ. ನೀವು ಯಾವತ್ತಾದರೂ ಅಮೆರಿಕದಲ್ಲಿ ಕೊಟ್ಟ ಅವಧಿಗಿಂತ ಜಾಸ್ತಿ ಉಳಿದಿದ್ದೀರಾ, ವೀಸಾದ ಷರತ್ತು ಮುರಿದಿದ್ದೀರಾ ಅಂತ. ಉತ್ತರಕ್ಕೆ ಎರಡೇ ಗುಂಡಿ. ಹೌದು, ಇಲ್ಲ. ಇವತ್ತು ನಾನು ಮಾತಾಡೋದೆಲ್ಲ ಆ ಎರಡು ಗುಂಡಿಗಳ ಬಗ್ಗೆ.

ನಾನು ಲಾಯರ್ ಅಲ್ಲ. ಅಮೆರಿಕದಲ್ಲಿ ಒಬ್ಬ ಇಮಿಗ್ರೇಷನ್ ಲಾಯರ್ ಆಫೀಸಿನಲ್ಲಿ 12 ವರ್ಷ ಫೈಲು ಸಿದ್ಧ ಮಾಡುವ ಕೆಲಸ ಮಾಡಿದ್ದೇನೆ. ಜನ ಲಾಯರ್ ಎದುರು ಕೂರುವ ಮೊದಲು ನನ್ನ ಮೇಜಿನ ಮುಂದೆ ಕೂರುತ್ತಿದ್ದರು. ಲಾಯರ್‌ಗೆ ಹೇಳದೇ ಇರೋದನ್ನು ನನಗೆ ಹೇಳುತ್ತಿದ್ದರು. ಕೆಲವರು ನನಗೂ ಹೇಳುತ್ತಿರಲಿಲ್ಲ. ಆದರೆ ಈ ಪ್ರಶ್ನೆ ಬಂದಾಗ ಅವರ ಕೈ ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಅಷ್ಟರಲ್ಲೇ ನನಗೆ ಗೊತ್ತಾಗುತ್ತಿತ್ತು.

ಮೊದಲು ಒಂದು ಗೊಂದಲ ಬಿಡಿಸೋಣ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ಮೇಲೆ ಒಂದು ದಿನಾಂಕ ಇರುತ್ತದೆ ಅಲ್ವಾ? ಅಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ವೀಸಾ ಅಂದರೆ ಬಾಗಿಲು ತಟ್ಟಲು ಸಿಕ್ಕ ಒಪ್ಪಿಗೆ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನೋದು ಏರ್‌ಪೋರ್ಟಿನಲ್ಲಿ ಅಧಿಕಾರಿ ಕೊಡುವ ಐ-94 ದಾಖಲೆಯಲ್ಲಿ ಇರುತ್ತದೆ. 2013ರಿಂದ ವಿಮಾನದಲ್ಲಿ ಬರುವವರಿಗೆ ಇದು ಕಾಗದದ ಚೀಟಿಯಾಗಿ ಕೈಗೆ ಬರುವುದಿಲ್ಲ, ವೆಬ್‌ಸೈಟಿನಲ್ಲಿ ನಾವೇ ತೆಗೆದು ನೋಡಬೇಕು. ಬಹಳ ಜನ ನೋಡುವುದೇ ಇಲ್ಲ.

ಇಲ್ಲಿ ಒಂದು ಹಳ್ಳ ಇದೆ, ಭಾರತದಿಂದ ಬಂದವರು ಮತ್ತೆ ಮತ್ತೆ ಅದರಲ್ಲಿ ಬೀಳುತ್ತಾರೆ. ನಿಮ್ಮ ಎಚ್-1ಬಿ, ಅಂದರೆ ಕೆಲಸದ ವೀಸಾ, ಮೂರು ವರ್ಷಕ್ಕೆ ಇದೆ, ಆದರೆ ಪಾಸ್‌ಪೋರ್ಟಿನ ಅವಧಿ ಒಂದೇ ವರ್ಷ ಬಾಕಿ ಇದೆ ಅಂತ ಇಟ್ಟುಕೊಳ್ಳಿ. ಅಧಿಕಾರಿ ಎಷ್ಟೋ ಸಲ ಐ-94 ಅನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸುತ್ತಾರೆ. ನೀವು ಇಂಡಿಯನ್ ಕಾನ್ಸುಲೇಟಿಗೆ ಹೋಗಿ ಹೊಸ ಪಾಸ್‌ಪೋರ್ಟ್ ಮಾಡಿಸುತ್ತೀರಿ. ಎಲ್ಲ ಸರಿ ಹೋಯಿತು ಅಂದುಕೊಳ್ಳುತ್ತೀರಿ. ಐ-94 ಮಾತ್ರ ಹಳೇ ದಿನಕ್ಕೇ ನಿಂತಿರುತ್ತದೆ. ಎಚ್-4ನಲ್ಲಿ, ಅಂದರೆ ಎಚ್-1ಬಿ ಇರುವವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಇರುವ ಹೆಂಡತಿಯರ ವಿಷಯದಲ್ಲೂ ಹೀಗೇ ಆಗುತ್ತದೆ. ಗಂಡನ ಎಚ್-1ಬಿ ಮುಂದುವರಿಸಲು ಕಂಪನಿ ಅರ್ಜಿ ಹಾಕಿರುತ್ತದೆ. ಹೆಂಡತಿಗೆ ಬೇರೆ ಅರ್ಜಿ ಹಾಕಬೇಕು ಅನ್ನೋದು ಇಬ್ಬರಿಗೂ ಗೊತ್ತಿರುವುದಿಲ್ಲ. ದಿನ ಸುಮ್ನೆ ಕಳೆಯುತ್ತಾ ಹೋಗುತ್ತದೆ. ಓವರ್‌ಸ್ಟೇ ಅಂದ ತಕ್ಷಣ ಕಳ್ಳನ ಮುಖ ಕಲ್ಪಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಹೀಗೆ ಸಿಕ್ಕಿಬಿದ್ದವರಲ್ಲಿ ನಿಯಮ ಮುರಿಯುವ ಯೋಚನೆಯೇ ಇಲ್ಲದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 1996ರಲ್ಲಿ ಬಂದ ಕಾನೂನು, 1997ರ ಏಪ್ರಿಲ್ 1ರಿಂದ ಜಾರಿ. ಒಂದೇ ಸಲದ ವಾಸದಲ್ಲಿ 180 ದಿನಕ್ಕಿಂತ ಜಾಸ್ತಿ, ಒಂದು ವರ್ಷಕ್ಕಿಂತ ಕಡಿಮೆ ಅಕ್ರಮವಾಗಿ ಉಳಿದು, ತಾವಾಗಿ ದೇಶ ಬಿಟ್ಟರೆ ಮೂರು ವರ್ಷ ಒಳಗೆ ಬರುವ ಹಾಗಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದರೆ ಹತ್ತು ವರ್ಷ. 18 ವರ್ಷ ತುಂಬುವ ಮೊದಲಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. 180 ದಿನದ ಒಳಗೇ ಹೊರಟುಬಿಟ್ಟಿದ್ದರೆ ಈ ಎರಡೂ ನಿಷೇಧ ಇಲ್ಲ. ಹಳೇ ವೀಸಾ ರದ್ದಾಗುತ್ತದೆ, ಮುಂದೆ ಪ್ರಶ್ನೆ ಕೇಳುತ್ತಾರೆ, ಅಷ್ಟು.

ಗಮನಿಸಿ, ನಿಷೇಧ ಶುರುವಾಗುವುದು ದೇಶ ಬಿಟ್ಟ ದಿನ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಮೊದಲು ವೀಸಾ ತೋರಿಸಿ ಸರಿಯಾದ ದಾರಿಯಲ್ಲೇ ಒಳಗೆ ಬಂದಿದ್ದವರು, ಓವರ್‌ಸ್ಟೇ ಆಗಿದ್ದರೂ ಅಲ್ಲೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಗಂಡ ಅಥವಾ ಹೆಂಡತಿ ಪ್ರಜೆಯಲ್ಲ, ಗ್ರೀನ್ ಕಾರ್ಡ್ ಮಾತ್ರ ಇದೆ ಅಂದರೆ ಆ ರಿಯಾಯಿತಿ ಇಲ್ಲ. ಇಂಥವರು ಸಾಮಾನ್ಯವಾಗಿ ಹೊರಗೆ ಹೋಗಿ ಕಾನ್ಸುಲೇಟಿನಲ್ಲೇ ವೀಸಾ ಪಡೆಯಬೇಕು, ಹೊರಗೆ ಹೋದ ತಕ್ಷಣ ನಿಷೇಧ ಬೀಳುತ್ತದೆ. ಅರ್ಜಿ ಹಾಕಿದ್ದೇನೆ ಅನ್ನೋದೇ ಗಡೀಪಾರಿನಿಂದ ರಕ್ಷಣೆಯಲ್ಲ ಅನ್ನೋದೂ ಗೊತ್ತಿರಲಿ. ಅದಕ್ಕೇ ಹೇಳೋದು, ಟಿಕೆಟ್ ಬುಕ್ ಮಾಡುವ ಮೊದಲು, ಅರ್ಜಿ ಕಳಿಸುವ ಮೊದಲು ಲಾಯರ್ ಹತ್ತಿರ ಹೋಗಿ. ತಾಯಿಗೆ ಹುಷಾರಿಲ್ಲ ಅಂತ ಅವಸರದಲ್ಲಿ ವಿಮಾನ ಹತ್ತಿ, ಹತ್ತು ವರ್ಷದ ಬಾಗಿಲನ್ನು ತಾವೇ ಎಳೆದುಕೊಂಡವರನ್ನು ನೋಡಿದ್ದೇನೆ. ಆ ಸಂಕಟ ನೋಡಲಿಕ್ಕಾಗುವುದಿಲ್ಲ.

ಈ ನಿಷೇಧಕ್ಕೂ ವೇವರ್, ಅಂದರೆ ಮನ್ನಾ, ಇದೆ. ಐ-601 ಅಂತ ಫಾರ್ಮ್. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ನಿಮ್ಮ ಗಂಡ, ಹೆಂಡತಿ, ತಂದೆ, ತಾಯಿ, ಇವರಲ್ಲಿ ಒಬ್ಬರಿಗೆ ನೀವು ಇಲ್ಲದೆ ವಿಪರೀತ ಕಷ್ಟ ಆಗುತ್ತದೆ ಅಂತ ತೋರಿಸಬೇಕು. ನಿಮ್ಮ ಕಷ್ಟ ಲೆಕ್ಕಕ್ಕಿಲ್ಲ. ಮಕ್ಕಳ ಕಷ್ಟ ನೇರವಾಗಿ ಲೆಕ್ಕಕ್ಕಿಲ್ಲ, ಅದರಿಂದ ಗಂಡನಿಗೋ ಹೆಂಡತಿಗೋ ಬೀಳುವ ಹೊರೆ ಮಾತ್ರ ಲೆಕ್ಕ. ದೂರ ಇರೋದರಿಂದ ಬೇಜಾರು ಆಗುತ್ತದೆ ಅಂದರೆ ಸಾಲದು. ದೂರ ಇದ್ದರೆ ಎಲ್ಲರಿಗೂ ಬೇಜಾರೇ. ಕಾಯಿಲೆ, ಔಷಧಿ, ಸಾಲ, ವಯಸ್ಸಾದವರ ಆರೈಕೆ, ಇಂಥವನ್ನು ದಾಖಲೆ ಸಮೇತ ತೋರಿಸಬೇಕು. 2013ರಿಂದ ಐ-601ಎ ಅನ್ನೋದು ಬಂದಿದೆ. ದೇಶ ಬಿಡುವ ಮೊದಲೇ, ಅಮೆರಿಕದಲ್ಲೇ ಇದ್ದು, ಈ ವೇವರ್ ಕೇಳಬಹುದು. 2016ರಲ್ಲಿ ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳಿಗೂ ಅದನ್ನು ವಿಸ್ತರಿಸಿದರು. ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕು. ಆದರೂ ಒಂದು ದಾರಿ ಇದೆ.

ಅಂದರೆ ಓವರ್‌ಸ್ಟೇಗೆ ಅಳತೆ ಇದೆ. ಎಷ್ಟು ದಿನ, ಅದಕ್ಕೆ ಎಷ್ಟು ವರ್ಷ, ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಕ್ಯಾಲೆಂಡರ್ ಇಟ್ಟುಕೊಂಡು ಹೇಳಬಹುದು. ಸುಳ್ಳಿಗೆ ಅಂಥ ಅಳತೆ ಇಲ್ಲ. ವೀಸಾಕ್ಕಾಗಿ ಮುಖ್ಯವಾದ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ ನಿಷೇಧ ಜೀವನಪೂರ್ತಿ. ಮೂರೂ ಅಲ್ಲ, ಹತ್ತೂ ಅಲ್ಲ. ಅದಕ್ಕೂ ವೇವರ್ ಕೇಳಬಹುದು, ನಿಜ. ಆದರೆ ಐ-601ಎ ಇದಕ್ಕೆ ಸಲ್ಲುವುದಿಲ್ಲ. ಅದು ಅಕ್ರಮ ವಾಸಕ್ಕೆ ಮಾತ್ರ. ನೀವು ಮುಂಚಿತ ವೇವರ್ ಪಡೆದು ಧೈರ್ಯವಾಗಿ ಇಂಡಿಯಾಕ್ಕೆ ಬಂದಿರಿ, ಸಂದರ್ಶನದಲ್ಲಿ ಹಳೇ ಸುಳ್ಳೊಂದು ಹೊರಬಿತ್ತು ಅಂದರೆ ಆ ವೇವರ್ ತಾನಾಗಿಯೇ ರದ್ದಾಗುತ್ತದೆ. ಮತ್ತೆ ಮೊದಲಿನಿಂದ ಶುರು, ಈ ಸಲ ಸಮುದ್ರದ ಆಚೆ ಕೂತು.

ನಮ್ಮ ಆಫೀಸಿಗೆ ಬಂದ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ಎಂಟು ತಿಂಗಳು ಓವರ್‌ಸ್ಟೇ ಮಾಡಿ 2014ರಲ್ಲಿ ಊರಿಗೆ ಬಂದವರು. ಮೂರು ವರ್ಷದ ನಿಷೇಧ, 2017ಕ್ಕೆ ಮುಗಿಯಬೇಕು. 2016ರಲ್ಲಿ ಅಮೆರಿಕದಲ್ಲಿದ್ದ ಅಣ್ಣನ ಮನೆಯ ಗೃಹಪ್ರವೇಶ ಬಂತು. ಟೂರಿಸ್ಟ್ ವೀಸಾಗೆ ಅರ್ಜಿ ಹಾಕಿದರು. ಆ ಫಾರ್ಮಿನಲ್ಲೂ ಇದೇ ಪ್ರಶ್ನೆ. ಏಜೆಂಟ್ ಹೇಳಿದ, "ಸರ್, ನೋ ಅಂತ ಹಾಕಿ. ಹಳೇ ಕಥೆ, ಅವರಿಗೆಲ್ಲಿ ಗೊತ್ತಾಗುತ್ತೆ?" ಹಾಕಿದರು. ವೀಸಾ ಬೇರೆ ಕಾರಣಕ್ಕೆ ಸಿಗಲಿಲ್ಲ. ಮರೆತುಬಿಟ್ಟರು. 2019ರಲ್ಲಿ ಅಮೆರಿಕದ ಪ್ರಜೆಯನ್ನು ಮದುವೆಯಾದರು. ಓವರ್‌ಸ್ಟೇ ನಿಷೇಧ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಈ ಸಲ ಎಲ್ಲವನ್ನೂ ನಿಜ ಬರೆದರು. ಆದರೆ 2016ರ ಫಾರ್ಮ್ ಅಧಿಕಾರಿಯ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಎಂಟು ತಿಂಗಳ ತಪ್ಪು ಮುಗಿದಿತ್ತು, ಗೃಹಪ್ರವೇಶಕ್ಕೆ ಹೋಗಲು ಹೇಳಿದ ಸುಳ್ಳು ಮುಗಿದಿರಲಿಲ್ಲ. ಆ ದಂಪತಿ ವೇವರ್‌ಗಾಗಿ ಕಾಯುತ್ತಾ ಕಳೆದ ದಿನಗಳಲ್ಲಿ ಅವರ ಹೆಂಡತಿ ನಮ್ಮ ಆಫೀಸಿಗೆ ಪ್ರತಿ ವಾರ ಫೋನ್ ಮಾಡುತ್ತಿದ್ದರು. ಹೇಳಲು ನನ್ನ ಹತ್ತಿರ ಹೊಸದೇನೂ ಇರುತ್ತಿರಲಿಲ್ಲ. ಫೋನ್ ಎತ್ತಲು ನನಗೇ ಕಷ್ಟವಾಗುತ್ತಿತ್ತು.

ಏಜೆಂಟ್ ಹೇಳಿದ್ದು ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಏಜೆಂಟ್ ಏನು ತುಂಬುತ್ತಿದ್ದಾನೆ ಅಂತ ನಿಮಗೆ ಗೊತ್ತಿದ್ದರೆ ಹೊಣೆ ನಿಮ್ಮದೇ. ಇನ್ನು ಅವರಿಗೆಲ್ಲಿ ಗೊತ್ತಾಗುತ್ತೆ ಅನ್ನೋ ಮಾತು. ಅಮೆರಿಕದಿಂದ ಹೊರಡುವ ವಿಮಾನದ ಪ್ರಯಾಣಿಕರ ಪಟ್ಟಿಯನ್ನು ವಿಮಾನ ಕಂಪನಿ ಅಲ್ಲಿನ ಗಡಿ ಇಲಾಖೆಗೆ ಕಳಿಸಬೇಕು. ನೀವು ಬಂದ ದಿನ, ಹೊರಟ ದಿನ ಎರಡೂ ಅವರ ಹತ್ತಿರ ಇದೆ. ಬೆರಳಚ್ಚು ಇದೆ. ಆದರೆ ನಾನು ಜನರಿಗೆ ಇದನ್ನೇ ಮುಖ್ಯ ಕಾರಣ ಅಂತ ಹೇಳುವುದಿಲ್ಲ. ಸಿಕ್ಕಿಬೀಳುತ್ತೀರಿ, ಅದಕ್ಕೆ ನಿಜ ಹೇಳಿ ಅಂದರೆ, ಸಿಕ್ಕಿಬೀಳದ ಉಪಾಯ ಹುಡುಕುತ್ತಾರೆ. ಹೇಳಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರೆ ಬಹಳ ಸಲ ಹೆದರಿಕೆಯೇ ಇಳಿದುಹೋಗುತ್ತದೆ.

ಸುಳ್ಳು ಯಾವುದು, ತಪ್ಪು ಯಾವುದು ಅನ್ನೋದನ್ನೂ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ದಿನಾಂಕ ತಪ್ಪು ಬರೆದರೆ ಅದು ಸುಳ್ಳಲ್ಲ. ಬೇಕೆಂತಲೇ ಮಾಡಿರಬೇಕು. ವಿಷಯ ಮುಖ್ಯವಾದದ್ದೂ ಆಗಿರಬೇಕು, ಅಂದರೆ ಅಧಿಕಾರಿಯ ತೀರ್ಮಾನದ ಮೇಲೆ ಪರಿಣಾಮ ಬೀರುವಂಥದ್ದು. ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಕುಂಗಿಸ್ ಪ್ರಕರಣದಲ್ಲಿ ಈ ಮಾತನ್ನು ವಿವರಿಸಿದೆ. ಕೇಳದೇ ಇರೋದನ್ನು ಹೇಳದಿದ್ದರೆ ಅದಷ್ಟೇ ಸುಳ್ಳಾಗುವುದಿಲ್ಲ. ಆದರೆ ಇಲ್ಲಿ ಕೇಳಿದ್ದಾರೆ, ನೇರವಾಗಿಯೇ ಕೇಳಿದ್ದಾರೆ. ಇನ್ನೊಂದು ಅವಕಾಶವೂ ಇದೆ. ತಪ್ಪು ಉತ್ತರ ಕೊಟ್ಟಾಗಿದೆ ಅಂದರೆ, ಅವರು ಹಿಡಿಯುವ ಮೊದಲು, ಸಿಕ್ಕ ಮೊದಲ ಅವಕಾಶದಲ್ಲೇ, ತಾವಾಗಿ ಹೇಳಿ ಸರಿಪಡಿಸಿದರೆ ಆ ಸುಳ್ಳನ್ನು ಲೆಕ್ಕಕ್ಕೆ ಹಿಡಿಯದೆ ಇರುವ ನಿಯಮ ಇದೆ. ಅವರು ಕಾಗದ ತೆಗೆದು ತೋರಿಸಿದ ಮೇಲೆ ಒಪ್ಪಿಕೊಂಡರೆ ಪ್ರಯೋಜನ ಇಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ಓವರ್‌ಸ್ಟೇ ಆದವರು ಹೊಟ್ಟೆಪಾಡಿಗೆ ಎಲ್ಲೋ ಕೆಲಸಕ್ಕೆ ಸೇರುತ್ತಾರೆ. ಸೇರುವಾಗ ಐ-9 ಅಂತ ಒಂದು ಫಾರ್ಮ್ ಕೊಡುತ್ತಾರೆ. ಅದರಲ್ಲಿ ನಾನು ಅಮೆರಿಕದ ಪ್ರಜೆ ಅನ್ನೋ ಚೌಕಕ್ಕೆ ಗುರುತು ಹಾಕಿಬಿಡುತ್ತಾರೆ. ಅನುಮತಿ ಇಲ್ಲದೆ ಕೆಲಸ ಮಾಡಿದ್ದನ್ನು ಪ್ರಜೆಯ ಗಂಡ ಅಥವಾ ಹೆಂಡತಿಗೆ ಕಾನೂನು ಮನ್ನಿಸುತ್ತದೆ. ಆ ಒಂದು ಗುರುತನ್ನು ಮನ್ನಿಸುವುದಿಲ್ಲ. ಪ್ರಜೆ ಅಂತ ಸುಳ್ಳು ಹೇಳಿದರೆ ಜೀವನಪೂರ್ತಿ ನಿಷೇಧ, ಗ್ರೀನ್ ಕಾರ್ಡಿಗೆ ಬೇಕಾದ ವೇವರ್ ಇಲ್ಲವೇ ಇಲ್ಲ. ಇಲ್ಲಿ ಕೂತವರ ತಮ್ಮ, ತಂಗಿ, ಸ್ನೇಹಿತ ಯಾರಾದರೂ ಅಲ್ಲಿ ಕಷ್ಟದಲ್ಲಿದ್ದರೆ ಇದೊಂದನ್ನು ಇವತ್ತೇ ಫೋನ್ ಮಾಡಿ ಹೇಳಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಈ ಸುಳ್ಳು ಕಾನ್ಸುಲೇಟಿನಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟುತ್ತದೆ. ಹುಡುಗ ಅಮೆರಿಕದಿಂದ ಬರುತ್ತಾನೆ. ಪ್ರಾಜೆಕ್ಟ್ ಮುಗಿಯಿತು ಅನ್ನುತ್ತಾನೆ. ಮನೆಯವರೂ ನೆಂಟರಿಗೆ ಅದನ್ನೇ ಹೇಳುತ್ತಾರೆ. ಸಂಬಂಧ ನೋಡುವಾಗ ತಾಯಿ, "ಮದುವೆ ಆಗೋವರೆಗೂ ಬಾಯಿ ಬಿಡಬೇಡಪ್ಪಾ" ಅನ್ನುತ್ತಾರೆ. ಮದುವೆ ಆದ ಮೇಲೆ ಹೇಳಲು ಇನ್ನೂ ಕಷ್ಟ. ಅಷ್ಟರಲ್ಲಿ ಫಾರ್ಮ್ ಬರುತ್ತದೆ. ಫಾರ್ಮಿನಲ್ಲಿ ನಿಜ ಬರೆದರೆ ಹೆಂಡತಿಗೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲ ಅಂತ ಒತ್ತುತ್ತಾನೆ. ಅಮೆರಿಕ ಸರ್ಕಾರಕ್ಕೆ ಹೆದರಿ ಅಲ್ಲ, ಮಾವನ ಮನೆಗೆ ಹೆದರಿ.

ಆದರೆ ಅರ್ಜಿ ಶುರುವಾಗುವುದೇ ಹೆಂಡತಿಯ ಸಹಿಯಿಂದ. ಗಂಡನನ್ನು ಕರೆಸಿಕೊಳ್ಳಲು ಐ-130 ಪಿಟಿಷನ್ ಹಾಕುವವಳು ಅವಳು. ಆ ಫಾರ್ಮ್ ಗಂಡನ ಅಮೆರಿಕದ ವಾಸದ ವಿವರ ಕೇಳುತ್ತದೆ. ಅವಳು ಅದಕ್ಕೆ ಪ್ರಮಾಣ ಮಾಡಿ ಸಹಿ ಹಾಕುತ್ತಾಳೆ. ನೀವು ಅವಳಿಗೆ ನಿಜ ಹೇಳದಿದ್ದರೆ ನಿಮ್ಮ ಸುಳ್ಳಿನ ಕೆಳಗೆ ಅವಳ ಸಹಿ ಬೀಳುತ್ತದೆ. ಮುಂದೆ ವೇವರ್ ಬೇಕಾದರೆ ಕಷ್ಟ ಯಾರದ್ದು ತೋರಿಸಬೇಕು? ಅವಳದ್ದೇ. ತನ್ನ ಆರೋಗ್ಯ, ತನ್ನ ಸಾಲ, ತನ್ನ ನಿದ್ದೆಗೆಟ್ಟ ರಾತ್ರಿಗಳನ್ನು ಅವಳು ಬರೆಯಬೇಕು. ಮೋಸ ಹೋದೆ ಅಂತ ಅನಿಸಿದವಳ ಕೈಯಲ್ಲಿ ಆ ಪತ್ರ ಬರೆಸುವುದು ಎಷ್ಟು ಕಷ್ಟ ಅಂತ ನಾನು ಕಂಡಿದ್ದೇನೆ. ಇನ್ನೊಂದು ವಿಷಯ. ಕಾನ್ಸುಲೇಟ್ ವೀಸಾ ಕೊಡದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ. 2024ರ ಜೂನ್‌ನಲ್ಲಿ ಮುನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಯನ್ನು ದೇಶಕ್ಕೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಅಂತ ಹೇಳಿತು. ಕಿಟಕಿಯ ಮುಂದೆ ನಿಂತು ನೀವು ಹೇಳುವ ಮಾತಿಗೆ ಅಷ್ಟು ಬೆಲೆ ಇದೆ.

ಒಬ್ಬ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಎಚ್-1ಬಿಯಲ್ಲಿ ಇದ್ದ. ಕೆಲಸ ಹೋಯಿತು. ಐ-94 ಅವಧಿ 2018ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಬೇರೆ ಕೆಲಸ ಸಿಗಬಹುದು ಅಂತ ಸ್ನೇಹಿತನ ಮನೆಯ ಹಾಲ್‌ನಲ್ಲಿ ಮಲಗಿ ದಿನ ನೂಕಿದ. ಸಿಗಲಿಲ್ಲ. 2019ರ ಮೇ 2ಕ್ಕೆ ವಿಮಾನ ಹತ್ತಿದ. 2023ರಲ್ಲಿ ಮದುವೆ. ಹುಡುಗಿ ಅಲ್ಲೇ ಹುಟ್ಟಿದವಳು, ಮನೆಯಲ್ಲಿ ಕನ್ನಡ ಮಾತಾಡುವವಳು. ಪಿಟಿಷನ್ ತುಂಬಲು ಅವಳು ನಮ್ಮ ಆಫೀಸಿಗೆ ಬಂದಳು, ಅವನು ಊರಿನಿಂದ ವಿಡಿಯೋ ಕಾಲ್‌ನಲ್ಲಿ ಇದ್ದ. ಹಳೇ ವಾಸದ ವಿವರ ಕೇಳಿದೆ. ಸುಮ್ಮನಾದ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಅವನ ಕಣ್ಣು ಮಿಟುಕುತ್ತಿತ್ತು.

"ನಿನಗೊಂದು ಹೇಳಬೇಕು," ಅಂದ. ನನಗಲ್ಲ, ಅವಳಿಗೆ. ಹೇಳಿದ. ತನಗೆ ಹತ್ತು ವರ್ಷ ನಿಷೇಧ ಇದೆ, ಅದಕ್ಕೆ ಯಾರಿಗೂ ಹೇಳಿಲ್ಲ, ಮದುವೆ ಮುರಿದರೂ ಸರಿ ಅಂದ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, "ಯಾವ ದಿನದಿಂದ?" ಅಂತ ಕೇಳಿದಳು.

ಎಣಿಸಿದೆವು. ಸೆಪ್ಟೆಂಬರ್‌ನಲ್ಲಿ 20. ಅಕ್ಟೋಬರ್ ಕೊನೆಗೆ 51. ನವೆಂಬರ್‌ಗೆ 81. ಡಿಸೆಂಬರ್‌ಗೆ 112. ಜನವರಿಗೆ 143. ಫೆಬ್ರವರಿ ಕೊನೆಗೆ 171. ಮಾರ್ಚ್ 9ಕ್ಕೆ 180. ಅವತ್ತು ಹೊರಟಿದ್ದರೆ ಏನೂ ಇರುತ್ತಿರಲಿಲ್ಲ ಅಂತ ಅವಳು ಅಲ್ಲೊಂದು ಗೆರೆ ಎಳೆದಳು. ಮೇ 1ಕ್ಕೆ 233. ಒಂದು ವರ್ಷ ಆಗಿರಲಿಲ್ಲ. ಹತ್ತು ವರ್ಷದ ನಿಷೇಧವೇ ಅಲ್ಲ, ಮೂರು ವರ್ಷದ್ದು. ಅದು 2022ರ ಮೇ ತಿಂಗಳಿಗೇ ಮುಗಿದಿತ್ತು. ಅವರ ಮದುವೆಗೆ ಮೊದಲೇ. ಮಧ್ಯದಲ್ಲಿ ಬೇರೆ ಯಾವ ವೀಸಾಕ್ಕೂ ಅರ್ಜಿ ಹಾಕಿದ್ದೀಯಾ ಅಂತ ಎರಡು ಸಲ ಕೇಳಿದೆ. ಇಲ್ಲ ಅಂದ. ಲಾಯರ್ ಬಂದು ಕಾಗದ ನೋಡಿ, ಲೆಕ್ಕ ಸರಿ ಇದೆ ಅಂದರು. ಅವನು ಫೋನನ್ನು ಮೇಜಿನ ಮೇಲೆ ಮಲಗಿಸಿಬಿಟ್ಟ. ನಮಗೆ ಅವನ ಮನೆಯ ಸೂರು, ತಿರುಗುತ್ತಿದ್ದ ಫ್ಯಾನ್ ಮಾತ್ರ ಕಾಣುತ್ತಿತ್ತು.

ಡಿಎಸ್-260ರಲ್ಲಿ ಹೌದು ಅಂತ ಒತ್ತಿದ. ಕೆಳಗಿನ ಜಾಗದಲ್ಲಿ ಎರಡೂ ದಿನಾಂಕ ಬರೆದ, ಕಾರಣ ಬರೆದ. ಸಂದರ್ಶನ ಮುಂಬೈನಲ್ಲಿ. ಬಲಗೈ ಎತ್ತಿ ಪ್ರಮಾಣ ಮಾಡಿಸಿ, ಅಧಿಕಾರಿ ಕೇಳಿದ ಮೊದಲ ಪ್ರಶ್ನೆಗಳಲ್ಲೇ ಇದೂ ಒಂದು, ಹಿಂದಿನ ಸಲ ಎಷ್ಟು ದಿನ ಜಾಸ್ತಿ ಉಳಿದೆ ಅಂತ. 233 ದಿನ ಅಂದ. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದಾಗ ಮೊದಲು ಹೇಳಿದ್ದು ವೀಸಾ ವಿಷಯವನ್ನಲ್ಲ. "ನಾನು ಹೇಳೋ ಮೊದಲೇ ಅವರ ಸ್ಕ್ರೀನ್ ಮೇಲೆ ಮೇ 2 ಅಂತ ಇತ್ತು ಕಣೇ," ಅಂದನಂತೆ.